ಹಿಮನದಿಯೋ, ಸೂರ್ಯನ ಬಿರುಗಾಳಿಯೋ: ಮಗಳು ಯಾವುದನ್ನು ಓದಲಿ?

ಪ್ರಶ್ನೆ: ಮೇಡಂ, ನಮ್ಮದು ಚಿತ್ರದುರ್ಗ. ಮಗಳು ಬಿಎಸ್ಸಿ ಕೊನೆ ವರ್ಷದಲ್ಲಿದ್ದಾಳೆ. ಭೌತಶಾಸ್ತ್ರ, ಗಣಿತ ತಗೊಂಡಿದ್ದಾಳೆ. ಹಿಮನದಿಗಳ ಮೇಲೆ ಸಂಶೋಧನೆ ಮಾಡ್ತೀನಿ ಅಂತ ಒಂದು ವರ್ಷದಿಂದ ಹಟ ಹಿಡಿದಿದ್ದಾಳೆ. ಆದಿತ್ಯ ನೌಕೆ ಸುದ್ದಿ ಬಂದಮೇಲೆ ಸೂರ್ಯನ ಬಿರುಗಾಳಿ, ಬಾಹ್ಯಾಕಾಶ ಹವಾಮಾನ ಅಂತಲೂ ಓದ್ತಾ ಕೂರ್ತಾಳೆ. ಎರಡು ದೋಣಿಯ ಮೇಲೆ ಕಾಲಿಡಬೇಡ ಅಂತ ಅವಳ ಲೆಕ್ಚರರ್ ಹೇಳಿದರಂತೆ. ನನ್ನ ತಮ್ಮ ಇಂಜಿನಿಯರ್. ಭೂಮಿ ಬಿಸಿಯಾಗ್ತಿರೋದೇ ಸೂರ್ಯನಿಂದ, ಕಾರ್ಬನ್ ಕಥೆಯೆಲ್ಲ ಸುಮ್ನೆ ಅಂತಾನೆ. ಹೇಗೂ 2035ಕ್ಕೆ ಹಿಮಾಲಯದ ಹಿಮನದಿ ಖಾಲಿಯಂತೆ, ಇವಳು ಪಿಎಚ್‌ಡಿ ಮುಗಿಸೋ ಹೊತ್ತಿಗೆ ಓದೋಕೆ ಏನಿರುತ್ತೆ ಅಂತಲೂ ಕೇಳ್ತಾನೆ. ನನ್ನ ಚಿಂತೆ ಬೇರೆ. ಕರ್ನಾಟಕದಲ್ಲಿ ಹಿಮವೇ ಇಲ್ಲ. ಹೆಣ್ಣುಮಗಳು ಅಷ್ಟು ಎತ್ತರಕ್ಕೆ ಹೋಗಿ ಟೆಂಟಿನಲ್ಲಿರಬೇಕಾ? ಕೊನೆಗೆ ಕೆಲಸ ಸಿಗುತ್ತಾ? ಬಿ.ಎಡ್ ಮಾಡಿಸಿಬಿಡೋದೇ ಒಳ್ಳೆಯದು ಅನ್ನಿಸ್ತಿದೆ. ದಯವಿಟ್ಟು ನೇರವಾಗಿ ಹೇಳಿ.

ಉತ್ತರ: ನೇರವಾಗಿಯೇ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ವಿಜ್ಞಾನದ ಪ್ರಶ್ನೆ, ಕೆಲಸದ ಪ್ರಶ್ನೆ, ಮಗಳ ಕ್ಷೇಮದ ಪ್ರಶ್ನೆ ಮೂರೂ ಒಟ್ಟಿಗೆ ಬಂದಿವೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದರೆ ಮನೆಯಲ್ಲಿ ಜಗಳವೇ ಆಗುತ್ತದೆ. ನಾನು ಭೌತಶಾಸ್ತ್ರ ಓದಿ ಹಿಮನದಿಗೆ ಹೋದವಳು. ಆಮೇಲೆ ಹಿಮದೊಳಗೆ ಸೂರ್ಯನ ಗುರುತು ಹುಡುಕುವ ಕೆಲಸಕ್ಕೆ ಬಂದೆ. ಹಾಗಾಗಿ ನಿಮ್ಮ ಮಗಳ ಗೊಂದಲ ನನಗೆ ಹೊಸದಲ್ಲ.

ನಿಮ್ಮ ತಮ್ಮನ ಮಾತನ್ನು ಮೊದಲು ತೆಗೆದುಕೊಳ್ಳೋಣ. ಅವರು ಕೇಳಿದ್ದು ದಡ್ಡ ಪ್ರಶ್ನೆಯಲ್ಲ. ಭೂಮಿಗೆ ಶಾಖ ಬರುವುದು ಸೂರ್ಯನಿಂದ, ಹಾಗಾದರೆ ಶಾಖ ಜಾಸ್ತಿಯಾದದ್ದಕ್ಕೂ ಸೂರ್ಯನೇ ಕಾರಣ ಇರಬಹುದಲ್ವಾ ಎಂದು ಯಾರಿಗಾದರೂ ಅನ್ನಿಸುತ್ತದೆ. ವಿಜ್ಞಾನಿಗಳೂ ಇದನ್ನು ಗಂಭೀರವಾಗಿ ಪರೀಕ್ಷಿಸಿದ್ದಾರೆ. ಭೂಮಿಯ ವಾತಾವರಣದ ಹೊರಗೆ ನಿಂತರೆ ಪ್ರತಿ ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬಿಸಿಲು ಬೀಳುತ್ತದೆ. 1978ರಿಂದ ಇದನ್ನು ಉಪಗ್ರಹಗಳು ಅಳೆಯುತ್ತಾ ಬಂದಿವೆ. ಸೂರ್ಯನ 11 ವರ್ಷದ ಚಕ್ರದಲ್ಲಿ ಇದು ಏರಿಳಿಯುವುದು ಸಾವಿರಕ್ಕೆ ಒಂದರಷ್ಟು ಮಾತ್ರ. ಈ ನಾಲ್ಕು ದಶಕಗಳಲ್ಲಿ ಒಟ್ಟಾರೆ ಏರಿಕೆ ಕಂಡಿಲ್ಲ. 2008ರಿಂದ 2019ರವರೆಗೆ ನಡೆದ ಸೂರ್ಯನ ಚಕ್ರವಂತೂ ಸುಮಾರು 100 ವರ್ಷದಲ್ಲೇ ತೀರ ಸಪ್ಪೆಯಾದದ್ದು. ಅದೇ ಅವಧಿಯಲ್ಲಿ ಭೂಮಿಯ ಉಷ್ಣತೆ ದಾಖಲೆ ಮುರಿಯುತ್ತಾ ಹೋಯಿತು.

ಇನ್ನೂ ಒಂದು ಗುರುತಿದೆ, ನನಗೆ ಅದೇ ಗಟ್ಟಿ ಸಾಕ್ಷಿ. ಬಿಸಿಲು ಹೆಚ್ಚಾಗಿ ಭೂಮಿ ಕಾದಿದ್ದರೆ ವಾತಾವರಣ ಕೆಳಗಿನಿಂದ ಮೇಲಿನವರೆಗೂ ಕಾಯಬೇಕಿತ್ತು. ಹಾಗಾಗಿಲ್ಲ. ನಾವು ಬದುಕುವ ಕೆಳಪದರ ಕಾಯುತ್ತಿದೆ, ಅದರ ಮೇಲಿನ ಪದರ ತಣ್ಣಗಾಗುತ್ತಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಹೀಗೇ ಆಗುತ್ತದೆ ಎಂದು ಹವಾಮಾನ ವಿಜ್ಞಾನಿ ಸ್ಯುಕುರೊ ಮನಾಬೆ 1967ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2021ರಲ್ಲಿ ಅವರಿಗೆ ನೊಬೆಲ್ ಬಂತು.

ನಿಮ್ಮ ತಮ್ಮನ ಪಕ್ಷದಲ್ಲೂ ಒಂದು ದೊಡ್ಡ ಹೆಸರಿದೆ, ಅದನ್ನು ಮುಚ್ಚಿಡಬಾರದು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್, ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದವರು. ಅವರ ಮೂಲ ವಿಷಯ ಕಾಸ್ಮಿಕ್ ಕಿರಣ (ಬಾಹ್ಯಾಕಾಶದಿಂದ ಬರುವ ಅತಿವೇಗದ ಕಣಗಳು) ಮತ್ತು ಸೌರ ಮಾರುತ (ಸೂರ್ಯನಿಂದ ಹೊರಬೀಳುವ ಕಣಗಳ ಹರಿವು). ಸೂರ್ಯ ಚುರುಕಾಗಿ ಕಾಸ್ಮಿಕ್ ಕಿರಣ ಕಡಿಮೆಯಾದರೆ ಕೆಳಮಟ್ಟದ ಮೋಡ ಕಡಿಮೆಯಾಗುತ್ತದೆ, ಅದರಿಂದಲೂ ಭೂಮಿ ಕಾದಿರಬಹುದು ಎಂದು 2011ರಲ್ಲಿ ಅವರು ಒಂದು ಪ್ರಬಂಧ ಬರೆದರು. ಕಾಸ್ಮಿಕ್ ಕಿರಣಕ್ಕೂ ಮೋಡಕ್ಕೂ ಇರುವ ನಂಟನ್ನು ಪರೀಕ್ಷಿಸಲೆಂದೇ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ನಂಟು ಇದೆ, ಆದರೆ ಈಗಿನ ತಾಪಮಾನ ಏರಿಕೆಯನ್ನು ವಿವರಿಸುವಷ್ಟು ಬಲ ಅದಕ್ಕಿಲ್ಲ ಎಂಬುದು ಅಲ್ಲಿಂದ ಬಂದ ಉತ್ತರ. ರಾವ್ ಅವರ ಪ್ರಶ್ನೆ ಒಳ್ಳೆಯದೇ ಆಗಿತ್ತು. ಅಳತೆ ಬೇರೆ ಉತ್ತರ ಕೊಟ್ಟಿತು. ಈ ಕಥೆಯನ್ನು ನಿಮ್ಮ ತಮ್ಮನಿಗೆ ಮಗಳೇ ಹೇಳಲಿ. ಅವಳು ಈ ವಾದವನ್ನು ಎರಡೂ ಕಡೆಯಿಂದ ನಿಂತು ವಿವರಿಸಬಲ್ಲಳೇ ಎಂಬುದು ನಿಮಗೂ ಗೊತ್ತಾಗುತ್ತದೆ.

2035ರ ವಿಷಯ ಬೇಗ ಮುಗಿಸುತ್ತೇನೆ. ಅದು ತಪ್ಪು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದು ಎಂಬ ಒಂದು ವಾಕ್ಯ ಸೇರಿಕೊಂಡಿತ್ತು. ಅದಕ್ಕೆ ಸರಿಯಾದ ಆಧಾರ ಇರಲಿಲ್ಲ. 2010ರ ಜನವರಿಯಲ್ಲಿ ಐಪಿಸಿಸಿಯೇ ವಿಷಾದ ಹೇಳಿ ಅದನ್ನು ಕೈಬಿಟ್ಟಿತು. ಆದರೆ ವಾಟ್ಸಾಪಿನಲ್ಲಿ ಅದು ಇನ್ನೂ ಓಡಾಡುತ್ತಿದೆ. ಗಂಗೋತ್ರಿ ಹಿಮನದಿ ಸುಮಾರು 30 ಕಿಲೋಮೀಟರ್ ಉದ್ದವಿದೆ. ಅಂಥದ್ದು ಹತ್ತು ವರ್ಷದಲ್ಲಿ ಮಾಯವಾಗುವುದಿಲ್ಲ.

ಹಾಗೆಂದು ಎಲ್ಲ ಸರಿಯಿದೆ ಎಂದೂ ಅಲ್ಲ. ಹಿಂದೂಕುಶ್-ಹಿಮಾಲಯದ ಹಿಮನದಿಗಳು ಅದರ ಹಿಂದಿನ ದಶಕಕ್ಕಿಂತ 2011-2020ರಲ್ಲಿ ಶೇ. 65ರಷ್ಟು ವೇಗವಾಗಿ ಹಿಮ ಕಳೆದುಕೊಂಡವು ಎಂದು ಕಠ್ಮಂಡುವಿನ ಇಸಿಮೋಡ್ ಸಂಸ್ಥೆ 2023ರಲ್ಲಿ ವರದಿ ಕೊಟ್ಟಿದೆ. ಹೊಗೆ ಉಗುಳುವುದನ್ನು ಹೀಗೇ ಮುಂದುವರಿಸಿದರೆ ಈ ಶತಮಾನದ ಕೊನೆಗೆ ಈಗಿರುವುದರಲ್ಲಿ ಶೇ. 80ರವರೆಗೂ ಹೋಗಬಹುದು ಎನ್ನುತ್ತದೆ ಅದೇ ವರದಿ. ಆದರೂ ಎಲ್ಲ ಹಿಮನದಿಯೂ ಒಂದೇ ಥರ ಕರಗುವುದಿಲ್ಲ. ಕಾರಾಕೋರಂನಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಹಲವು ಹಿಮನದಿಗಳು ಹೆಚ್ಚುಕಡಿಮೆ ಇದ್ದಷ್ಟೇ ಇದ್ದವು. ಹಿಮದ ಮೇಲೆ ಒಂದೆರಡು ಸೆಂಟಿಮೀಟರ್ ಮಣ್ಣು ಕೂತರೆ ಅದು ಬಿಸಿಲು ಹೀರಿ ಬೇಗ ಕರಗಿಸುತ್ತದೆ. ಅದೇ ಕಲ್ಲುಮಣ್ಣು ಒಂದಡಿ ದಪ್ಪವಿದ್ದರೆ ಕೆಳಗಿನ ಹಿಮಕ್ಕೆ ಬಿಸಿ ತಾಗದಂತೆ ಕಾಯುತ್ತದೆ. ಬಯಲಿನ ಒಲೆ, ಇಟ್ಟಿಗೆ ಗೂಡು, ಡೀಸೆಲ್ ಹೊಗೆಯ ಮಸಿ ಹಿಮದ ಮೇಲೆ ಕೂರುವುದು ಬೇರೆ. ಮಳೆ ಯಾವ ಎತ್ತರದವರೆಗೆ ಮಳೆಯಾಗಿ ಬೀಳುತ್ತದೆ, ಎಲ್ಲಿಂದ ಹಿಮವಾಗಿ ಬೀಳುತ್ತದೆ ಎಂಬುದು ಬೇರೆ. ಓದಲು ಏನಿರುತ್ತೆ ಎಂದು ನಿಮ್ಮ ತಮ್ಮ ಕೇಳಿದರಲ್ಲ. ಇಷ್ಟೆಲ್ಲ ಇದೆ.

ಇನ್ನು ಹಿಮನದಿ ವಿಜ್ಞಾನಿ ದಿನವಿಡೀ ಮಾಡುವುದು ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಟೀವಿಯಲ್ಲಿ ಕಾಣುವ ಚಿತ್ರಕ್ಕೂ ಇದಕ್ಕೂ ಬಹಳ ದೂರ. ಹಿಮನದಿಗೂ ಒಂದು ಜಮಾ-ಖರ್ಚಿನ ಪುಸ್ತಕ ಇದೆ. ಮೇಲ್ಭಾಗದಲ್ಲಿ ವರ್ಷವಿಡೀ ಬಿದ್ದ ಹಿಮ ಜಮಾ. ಕೆಳಭಾಗದಲ್ಲಿ ಬೇಸಿಗೆಯಲ್ಲಿ ಕರಗಿದ್ದು ಖರ್ಚು. ಹಿಮಾಚಲದ ಲಾಹೌಲ್-ಸ್ಪಿತಿಯಲ್ಲಿರುವ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಈ ಲೆಕ್ಕವನ್ನು ಬರೆಯುತ್ತಾ ಬಂದಿದ್ದಾರೆ. ಭಾರತದ ಹಿಮಾಲಯದಲ್ಲಿ ಇಷ್ಟು ಉದ್ದದ ಬಿಡದ ಲೆಕ್ಕ ಅಪರೂಪ.

ಖರ್ಚಿನ ಕಡೆ ಅಳೆಯಲು ಬೇಕಾದ್ದು ಬಿದಿರಿನ ಗಳ. ಎರಡೆರಡು ಮೀಟರಿನ ತುಂಡುಗಳನ್ನು ಒಂದರ ತುದಿಗೊಂದು ಕಟ್ಟುತ್ತೇವೆ. ಉಗಿಯಿಂದ ಕೊರೆಯುವ ಸಣ್ಣ ಯಂತ್ರದಿಂದ ಹಿಮದಲ್ಲಿ ಹತ್ತು ಮೀಟರಿನವರೆಗೂ ತೂತು ಮಾಡಿ ಗಳವನ್ನು ಪೂರ್ತಿ ಇಳಿಸುತ್ತೇವೆ. ಮುಂದಿನ ವರ್ಷ ಸೆಪ್ಟೆಂಬರ್ ಕೊನೆಗೆ ಹೋದಾಗ ಗಳದ ಎಷ್ಟು ಭಾಗ ಹೊರಗೆ ಬಂದಿದೆ ಎಂದು ಟೇಪು ಹಿಡಿದು ನೋಡುತ್ತೇವೆ. ಕೆಳಗಿನ ಹಿಮದಲ್ಲಿ ಒಂದೇ ಬೇಸಿಗೆಗೆ ಹಲವು ಮೀಟರ್ ಹೊರಬಂದಿರುತ್ತದೆ. ಕೆಲವು ಗಳ ವಾಲಿರುತ್ತವೆ, ಕೆಲವು ಬಿದ್ದೇ ಹೋಗಿರುತ್ತವೆ. ಹಿಮನದಿ ಹರಿಯುವುದರಿಂದ ಗಳ ನಾವು ನೆಟ್ಟ ಜಾಗದಲ್ಲೂ ಇರುವುದಿಲ್ಲ, ಕೆಳಗೆ ಸರಿದಿರುತ್ತದೆ. ಆಮೇಲೆ ಮೇಲಕ್ಕೆ ಹತ್ತಿ, ಹಿಮದಲ್ಲಿ ಗುಂಡಿ ತೋಡಬೇಕು. ಹೋದ ಬೇಸಿಗೆಯ ಧೂಳಿನ ಗೆರೆ ಸಿಗುವವರೆಗೆ ತೋಡಬೇಕು. ಆ ಗೆರೆಯ ಮೇಲಿರುವುದಷ್ಟೇ ಈ ವರ್ಷದ ಜಮಾ. ಪದರಪದರವಾಗಿ ತೂಕ ಮಾಡಿ ಸಾಂದ್ರತೆ ಬರೆಯಬೇಕು, ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತದೆ, ತೆಗೆಯದಿದ್ದರೆ ಪೆನ್ಸಿಲ್ ಹಿಡಿಯಲಾಗುವುದಿಲ್ಲ. ಹೀಗೆ ಬಂದ ಅಂಕಿಗಳನ್ನು ನೀರಿನ ಲೆಕ್ಕಕ್ಕೆ ತಂದು, ಇಡೀ ಹಿಮನದಿಗೆ ಹರಡಿ, ತಪ್ಪು ಎಷ್ಟಿರಬಹುದು ಎಂದು ಲೆಕ್ಕ ಹಾಕುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ವರ್ಷದ ಬಹುಪಾಲು ನಮ್ಮ ಕೆಲಸ ಕಂಪ್ಯೂಟರ್ ಮುಂದೆಯೇ. ಇದು ಕೇಳಿ ಮಗಳ ಮುಖ ಬಾಡಿದರೆ ಅವಳು ಇನ್ನೊಮ್ಮೆ ಯೋಚಿಸಲಿ. ಕಣ್ಣು ಅರಳಿದರೆ ಅವಳಿಗೆ ಈ ಕೆಲಸ ಹಿಡಿಸುತ್ತದೆ.

ಈಗ ಲೆಕ್ಚರರ್ ಹೇಳಿದ ಎರಡು ದೋಣಿಯ ಮಾತು. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಈ ಎರಡು ವಿಷಯ ಹೊರಗಿನಿಂದ ಕಂಡಷ್ಟು ದೂರದಲ್ಲಿಲ್ಲ. ಅಂಟಾರ್ಕ್ಟಿಕದಲ್ಲೂ ಗ್ರೀನ್‌ಲ್ಯಾಂಡಿನಲ್ಲೂ ಹಿಮದ ಹಾಸನ್ನು ಮೈಲುಗಟ್ಟಲೆ ಆಳಕ್ಕೆ ಕೊರೆದು ಉದ್ದನೆಯ ಹಿಮದ ಕಂಬಗಳನ್ನು ತೆಗೆಯುತ್ತಾರೆ. ಇವನ್ನು ಐಸ್ ಕೋರ್ ಅನ್ನುತ್ತೇವೆ. ಅಂಟಾರ್ಕ್ಟಿಕದ ಡೋಮ್ ಸಿ ಎಂಬಲ್ಲಿ ತೆಗೆದ ಐಸ್ ಕೋರ್ 8 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. ಅದರೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳಲ್ಲಿ ಆ ಕಾಲದ ಗಾಳಿಯೇ ಇದೆ. ಆ ಇಡೀ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್ 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 300) ಆಸುಪಾಸು ದಾಟಿರಲಿಲ್ಲ. ಈಗ 420 ದಾಟಿದೆ.

ಅದೇ ಹಿಮದಲ್ಲಿ ಬೆರಿಲಿಯಂ-10 ಎಂಬ ಇನ್ನೊಂದು ವಸ್ತುವೂ ತೀರ ಸೂಕ್ಷ್ಮ ಪ್ರಮಾಣದಲ್ಲಿ ಇರುತ್ತದೆ. ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಯ ಸಾರಜನಕ, ಆಮ್ಲಜನಕಕ್ಕೆ ಬಡಿದಾಗ ಅದು ಹುಟ್ಟುತ್ತದೆ. ಧೂಳಿಗೆ ಅಂಟಿಕೊಂಡು ಹಿಮದ ಜೊತೆ ಕೆಳಗೆ ಬೀಳುತ್ತದೆ. ಸೂರ್ಯ ಚುರುಕಾಗಿದ್ದಾಗ ಅವನ ಕಾಂತಕ್ಷೇತ್ರ ಹೊರಗಿನ ಕಾಸ್ಮಿಕ್ ಕಿರಣಗಳನ್ನು ತಡೆಯುವುದರಿಂದ ಬೆರಿಲಿಯಂ-10 ಕಡಿಮೆ. ಸೂರ್ಯ ಮಂಕಾಗಿದ್ದಾಗ ಜಾಸ್ತಿ. ದೂರದರ್ಶಕ ಇಲ್ಲದ ಕಾಲದಲ್ಲಿ ಸೂರ್ಯ ಹೇಗಿದ್ದ ಎಂದು ನಾವು ಹೇಳುವುದು ಈ ಹಿಮದಿಂದ ಮತ್ತು ಮರದ ಉಂಗುರಗಳಿಂದ. 2012ರಲ್ಲಿ ಜಪಾನಿನ ಫುಸಾ ಮಿಯಾಕೆ ಮತ್ತವರ ಸಂಗಡಿಗರು ಹಳೆಯ ಜಪಾನಿ ಸೀಡರ್ ಮರಗಳಲ್ಲಿ ಕ್ರಿ.ಶ. 774-775ರ ಉಂಗುರದಲ್ಲಿ ಇದೇ ಥರ ಹುಟ್ಟುವ ಕಾರ್ಬನ್-14 ಧಿಡೀರ್ ಏರಿದ್ದನ್ನು ಕಂಡರು. ಆಮೇಲೆ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕ ಎರಡೂ ಕಡೆಯ ಹಿಮದಲ್ಲಿ ಅದೇ ಕಾಲಕ್ಕೆ ಬೆರಿಲಿಯಂ-10 ಕೂಡ ಏರಿದ್ದು ಸಿಕ್ಕಿತು. ನಮ್ಮ ಉಪಕರಣಗಳು ನೇರವಾಗಿ ಅಳೆದ ಯಾವ ಬಿರುಗಾಳಿಗಿಂತಲೂ ಎಷ್ಟೋ ಪಟ್ಟು ದೊಡ್ಡ ಸೌರ ಕಣಗಳ ಬಿರುಗಾಳಿ ಅದು ಎಂದು ಬಹುತೇಕ ತಜ್ಞರು ಒಪ್ಪುತ್ತಾರೆ. ಅಂಥದ್ದು ಈಗ ಬಂದರೆ ನಮ್ಮ ಉಪಗ್ರಹಗಳ ಗತಿ ಏನು? ಈ ಪ್ರಶ್ನೆಯನ್ನು ಬಾಹ್ಯಾಕಾಶ ಹವಾಮಾನದವರು ಕೇಳುತ್ತಾರೆ. ಉತ್ತರದ ಒಂದು ಭಾಗ ಹಿಮನದಿಯವರ ಫ್ರೀಜರಿನಲ್ಲಿದೆ.

ಈ ನಂಟು ಹೊಸದೂ ಅಲ್ಲ. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಅಂಟಾರ್ಕ್ಟಿಕದ ನೆಲೆಗಳಲ್ಲಿ ಹಿಮದ ದಪ್ಪ ಅಳೆಯುವವರು, ಧ್ರುವಪ್ರಭೆ (ಧ್ರುವದ ಆಕಾಶದ ಬಣ್ಣದ ಬೆಳಕು) ನೋಡುವವರು, ಕಾಂತಕ್ಷೇತ್ರ ಬರೆಯುವವರು ಒಂದೇ ಸೂರಿನಡಿ ಇದ್ದರು. ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದ್ದು 1958ರಲ್ಲಿ. ಆಗ ಅದು ಸುಮಾರು 315 ಪಿಪಿಎಂ ಇತ್ತು. ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳನ್ನು ವ್ಯಾನ್ ಅಲೆನ್ ಕಂಡದ್ದೂ ಅದೇ ವರ್ಷ. ಇವತ್ತಿಗೂ ಅಂಟಾರ್ಕ್ಟಿಕದಲ್ಲಿ ನಮ್ಮ ಮೈತ್ರಿ ನೆಲೆಗೆ ಹಿಮ ಓದುವವರೂ ಹೋಗುತ್ತಾರೆ, ಭೂಕಾಂತತ್ವ ಸಂಸ್ಥೆಯವರೂ ಹೋಗುತ್ತಾರೆ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಈಗಲೇ ಒಂದನ್ನು ಆರಿಸು ಎಂದು ಮಗಳನ್ನು ಕಟ್ಟಿಹಾಕಬೇಡಿ. ಎಂ.ಎಸ್ಸಿ. ಮುಗಿಯುವವರೆಗೆ ಎರಡಕ್ಕೂ ಬೇಕಾದ್ದು ಒಂದೇ. ಗಟ್ಟಿ ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್, ಮತ್ತು ಅಳತೆಯ ತಪ್ಪನ್ನು ಲೆಕ್ಕ ಹಾಕುವ ಅಭ್ಯಾಸ. ಆರಿಸಲೇಬೇಕಾದ ಹೊತ್ತು ಬರುವುದು ಪಿಎಚ್‌ಡಿಗೆ ಸೇರುವಾಗ. ಆಗ ಮಾತ್ರ ಲೆಕ್ಚರರ್ ಮಾತು ನೂರಕ್ಕೆ ನೂರು ಸರಿ. ಪಿಎಚ್‌ಡಿಯನ್ನು ಒಂದೇ ಪ್ರಶ್ನೆಯ ಮೇಲೆ ಮಾಡಬೇಕು.

ಕರ್ನಾಟಕದಲ್ಲಿ ಹಿಮವಿಲ್ಲ, ನಿಜ. ಆದರೆ ಹಿಮಾಲಯದ ಹಿಮನದಿಗಳ ಮೇಲೆ ದೇಶದಲ್ಲೇ ಮುಖ್ಯವಾದ ಕೆಲಸ ನಡೆಯುವ ಜಾಗಗಳಲ್ಲಿ ಬೆಂಗಳೂರೂ ಒಂದು. ಐಐಎಸ್‌ಸಿಯ ದಿವೇಚ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಉಪಗ್ರಹ ಚಿತ್ರಗಳಿಂದ ಹಿಮನದಿಗಳ ದಪ್ಪ, ನೀರಿನ ಸಂಗ್ರಹ, ಹಿಮ ಕರಗಿ ಕಟ್ಟಿಕೊಂಡ ಅಪಾಯದ ಕೆರೆಗಳನ್ನು ಲೆಕ್ಕ ಹಾಕುವ ತಂಡವಿದೆ. ಸೂರ್ಯನ ವಿಷಯದಲ್ಲಂತೂ ನಾವು ಅದೃಷ್ಟವಂತರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಆದಿತ್ಯ-ಎಲ್1ರ ಮುಖ್ಯ ಉಪಕರಣವನ್ನು ಹೊಸಕೋಟೆಯ ಆವರಣದಲ್ಲಿ ಕಟ್ಟಿದರು. 2023ರ ಸೆಪ್ಟೆಂಬರ್ 2ರಂದು ಹಾರಿದ ಆ ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು. ಅದೇ ಸಂಸ್ಥೆ ಗೌರಿಬಿದನೂರಿನಲ್ಲಿ ಸೂರ್ಯನ ರೇಡಿಯೋ ಅಲೆಗಳನ್ನು ಹಿಡಿಯುವ ಆಂಟೆನಾಗಳ ಸಾಲನ್ನೇ ನಡೆಸುತ್ತದೆ. ಕೊಡೈಕೆನಾಲಿನಲ್ಲಿ ನೂರು ವರ್ಷಕ್ಕೂ ಮೀರಿದ ಸೂರ್ಯನ ಚಿತ್ರಗಳ ಸಂಗ್ರಹ ಅವರ ಬಳಿಯಿದೆ. ಚಿತ್ರದುರ್ಗದಿಂದ ಹೊರಟರೆ ಗೌರಿಬಿದನೂರು ಒಂದು ದಿನದಲ್ಲಿ ಹೋಗಿಬರುವ ದೂರ. ಮೊದಲೇ ಬರೆದು ಅನುಮತಿ ಕೇಳಿ, ಸಿಕ್ಕರೆ ಮಗಳ ಜೊತೆ ನೀವೂ ಹೋಗಿ ನೋಡಿ.

ಕೆಲಸದ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಸಿಹಿ ಹಚ್ಚಿ ಹೇಳುವುದು ಸರಿಯಲ್ಲ. ದೇಶದಲ್ಲಿ ಹಿಮನದಿ ಅಥವಾ ಬಾಹ್ಯಾಕಾಶ ಹವಾಮಾನಕ್ಕೆಂದು ಇರುವ ಕಾಯಂ ವಿಜ್ಞಾನಿ ಹುದ್ದೆಗಳು ಕಡಿಮೆ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಡೆಹ್ರಾಡೂನಿನ ವಾಡಿಯಾ ಸಂಸ್ಥೆ, ರೂರ್ಕಿಯ ಜಲವಿಜ್ಞಾನ ಸಂಸ್ಥೆ, ಭೂವೈಜ್ಞಾನಿಕ ಸರ್ವೇಕ್ಷಣೆ, ಇಸ್ರೋದ ಕೇಂದ್ರಗಳು, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ (ಪಿಆರ್‌ಎಲ್), ಐಐಟಿಗಳು, ಐಸರ್ ಎಂಬ ವಿಜ್ಞಾನ ಶಿಕ್ಷಣ ಸಂಶೋಧನಾ ಸಂಸ್ಥೆಗಳು. ಹೆಚ್ಚುಕಡಿಮೆ ಇಷ್ಟೇ ಬಾಗಿಲುಗಳು. ಪಿಎಚ್‌ಡಿಗೆ ನಾಲ್ಕೈದು ವರ್ಷ, ಕೆಲವೊಮ್ಮೆ ಆರು. ಆಮೇಲೆ ಎರಡು-ಮೂರು ವರ್ಷದ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಕೆಲಸ, ಬಹಳ ಸಲ ವಿದೇಶದಲ್ಲಿ. ನಡುವೆ ಪ್ರಾಜೆಕ್ಟ್ ಹುದ್ದೆಗಳು, ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯುತ್ತದೆ. ಮೂವತ್ತು ದಾಟಿದ ಮೇಲೂ ಕಾಯಂ ಆಗದ, ತುಂಬ ಒಳ್ಳೆಯ ಸಂಶೋಧಕರನ್ನು ನಾನು ಬಲ್ಲೆ. ಮದುವೆ, ಮನೆ ಸಾಲ, ತಂದೆತಾಯಿ ಆರೈಕೆ ಎಲ್ಲ ಆ ವಯಸ್ಸಿನಲ್ಲೇ ಬರುತ್ತವೆ. ಅತಿ ದೊಡ್ಡ ರಿಸ್ಕ್ ಇದು. ಹಿಮದ ಬಿರುಕಿಗಿಂತ ಇದರ ಬಗ್ಗೆ ಜಾಸ್ತಿ ಯೋಚಿಸಿ.

ಹಣದ ಲೆಕ್ಕ ಪೂರ್ತಿ ಕತ್ತಲೆಯೂ ಅಲ್ಲ. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. 2023ರ ಜನವರಿಯಿಂದ ಈ ದರ ಜಾರಿಯಲ್ಲಿದೆ. ಪಿಎಚ್‌ಡಿಗೆ ನೀವು ಕೈಯಿಂದ ದುಡ್ಡು ಹಾಕಬೇಕಿಲ್ಲ. ದುಡ್ಡು ಕೇಳಿ ಪಿಎಚ್‌ಡಿ ಕೊಡುತ್ತೇವೆ ಎನ್ನುವ ಕಡೆಗೆ ಹೋಗಲೇಬೇಡಿ.

ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಹಿಮನದಿಯ ಮೇಲೇ ನಿಂತು ಕೆಲಸ ಮಾಡುವುದು ಒಂದು. ಅದಕ್ಕೆ ದೇಹ, ಸಮಯ, ಮತ್ತು ಒಳ್ಳೆಯ ತಂಡ ಬೇಕು. ಒಂದು ವರ್ಷ ರಸ್ತೆ ಕುಸಿದು ಹೋಗಲಾಗದಿದ್ದರೆ ದತ್ತಾಂಶದಲ್ಲಿ ಆ ವರ್ಷ ಖಾಲಿ, ಪಿಎಚ್‌ಡಿ ಒಂದು ವರ್ಷ ಮುಂದಕ್ಕೆ. ಉಪಗ್ರಹ ಚಿತ್ರಗಳಿಂದ ಹಿಮನದಿ ಓದುವುದು ಇನ್ನೊಂದು. ನನಗೆ ಕೇಳಿದರೆ ನಿಮ್ಮ ಮಗಳಂಥವರಿಗೆ ಇದು ಒಳ್ಳೆಯ ಶುರು. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹ ಅದೇ ಜಾಗವನ್ನು 12 ದಿನಕ್ಕೊಮ್ಮೆ ರಾಡಾರಿನಿಂದ ನೋಡುತ್ತದೆ, ಮೋಡವಿದ್ದರೂ ಸರಿ, ಹಿಮ ಎಷ್ಟು ಸರಿದಿದೆ ಎಂದು ಹೇಳುತ್ತದೆ. ಅದರ ದತ್ತಾಂಶವನ್ನು ಬಳಸಬಲ್ಲವರು ಬೇಕಾಗುತ್ತಾರೆ. ಈ ಕೈಚಳಕ ಬೆಳೆ, ಅಣೆಕಟ್ಟು, ಭೂಕುಸಿತ, ವಿಮೆ, ಎಲ್ಲದಕ್ಕೂ ಬರುತ್ತದೆ. ನನ್ನ ಬಳಿ ಓದಿದವರಲ್ಲಿ ಹಲವರು ಇಂಥ ಕಡೆ ಒಳ್ಳೆಯ ಕೆಲಸದಲ್ಲಿದ್ದಾರೆ. ಆದರೆ ಹಿಮದ ಮೇಲೆ ಒಮ್ಮೆಯೂ ಕಾಲಿಡದೆ ಬರೀ ಚಿತ್ರ ನೋಡಿದವರು ನೆರಳನ್ನು ಕೆರೆ ಎಂದು, ಮಣ್ಣು ಮುಚ್ಚಿದ ಹಿಮವನ್ನು ಬರೀ ಬೆಟ್ಟ ಎಂದು ಓದುವುದುಂಟು. ಅದಕ್ಕೆ ಒಂದೆರಡು ಸಲವಾದರೂ ಹೋಗಿಬರಬೇಕು.

ಇದು ಯಾಕೆ ಮುಖ್ಯ ಎಂದರೆ, 2023ರ ಅಕ್ಟೋಬರ್ 3ರ ರಾತ್ರಿ ಸಿಕ್ಕಿಂನ ದಕ್ಷಿಣ ಲೊನಾಕ್ ಹಿಮಕೆರೆ ಒಡೆದು ಚುಂಗ್‌ಥಾಂಗಿನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಆ ಕೆರೆ ಬೆಳೆಯುತ್ತಿದೆ, ಅಪಾಯವಿದೆ ಎಂದು ಸಂಶೋಧಕರು ವರ್ಷಗಳ ಮೊದಲೇ ಬರೆದಿದ್ದರು. ಕೆಳಗಿದ್ದ ಜನರಿಗೆ ಸಮಯಕ್ಕೆ ಸರಿಯಾಗಿ ಸುದ್ದಿ ಮುಟ್ಟಲಿಲ್ಲ. ಎಷ್ಟೋ ಜೀವ ಹೋಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಕೆರೆಯನ್ನು ಓದುವವರ ಜೊತೆಗೆ ಅದನ್ನು ಕೆಳಗಿನ ಊರಿಗೆ ಎಚ್ಚರಿಕೆಯಾಗಿ ಮುಟ್ಟಿಸಬಲ್ಲವರು ನಮಗೆ ಬೇಕು, ಅಂಥವರು ಬಹಳ ಕಡಿಮೆ ಇದ್ದಾರೆ.

ಸೂರ್ಯನ ಕಡೆ ಹೋದರೆ ಬೆಟ್ಟ ಹತ್ತುವ ಕೆಲಸವಿಲ್ಲ. ಗಣಿತ ಹೆಚ್ಚು. 1859ರ ಸೆಪ್ಟೆಂಬರಿನ ದೊಡ್ಡ ಸೌರ ಬಿರುಗಾಳಿಯನ್ನು ಮುಂಬೈನ ಕೊಲಾಬಾ ವೀಕ್ಷಣಾಲಯ ದಾಖಲಿಸಿತ್ತು, ಅದರ ಬಲವನ್ನು ಅಂದಾಜು ಮಾಡಲು ಇವತ್ತಿಗೂ ಆ ದಾಖಲೆಯನ್ನು ನೋಡುತ್ತಾರೆ. 1989ರ ಮಾರ್ಚಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯ ಇಂಥದ್ದೇ ಬಿರುಗಾಳಿಯಿಂದ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿತ್ತು. 2022ರ ಫೆಬ್ರವರಿಯಲ್ಲಿ ಸಾಧಾರಣ ಬಿರುಗಾಳಿಯೊಂದು ಆಗಷ್ಟೇ ಹಾರಿಸಿದ್ದ ಸುಮಾರು 40 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಕೆಡವಿತು. 2024ರ ಮೇ ತಿಂಗಳಲ್ಲಿ ಇನ್ನೊಂದು ಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದು ನಿಮಗೂ ನೆನಪಿರಬಹುದು. ನಮ್ಮ ದೇಶಕ್ಕೆ ಇನ್ನೊಂದು ವಿಶೇಷವಿದೆ. ಕಾಂತೀಯ ಸಮಭಾಜಕ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆ) ದಕ್ಷಿಣ ಭಾರತದ ಮೇಲೆಯೇ ಹಾದುಹೋಗುತ್ತದೆ. ಇಲ್ಲಿನ ಮೇಲಿನ ವಾತಾವರಣದ ಏರುಪೇರು ಜಿಪಿಎಸ್ ಮತ್ತು ಅಂಥದ್ದೇ ನಮ್ಮ ದೇಶದ ವ್ಯವಸ್ಥೆ ನಾವಿಕ್, ಎರಡಕ್ಕೂ ತೊಂದರೆ ಕೊಡುತ್ತದೆ. ಹಾಗಾಗಿ ಅಮೆರಿಕ ಮಾಡಿದ ಕಂಪ್ಯೂಟರ್ ಮಾದರಿಯನ್ನು ತಂದು ಇಲ್ಲಿ ಸುಮ್ನೆ ಓಡಿಸಿದರೆ ಸಾಲದು. ರಿಸ್ಕ್ ಏನೆಂದರೆ ಈ ಕ್ಷೇತ್ರ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಮಾರ್ಗದರ್ಶಕರ ಜೊತೆ ಹೊಂದಾಣಿಕೆ ಆಗದಿದ್ದರೆ ಬೇರೆ ಕಡೆ ಹೋಗುವುದು ಕಷ್ಟ.

ಹೆಣ್ಣುಮಗಳು ಎಂಬ ನಿಮ್ಮ ಚಿಂತೆಯನ್ನು ನಾನು ತಳ್ಳಿಹಾಕುವುದಿಲ್ಲ. ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್ 1983-84ರಲ್ಲೇ ಅಂಟಾರ್ಕ್ಟಿಕಕ್ಕೆ ಹೋಗಿ ಕೆಲಸ ಮಾಡಿ ಬಂದರು. ಇಸ್ರೋದ ಮಂಗಳಾ ಮಣಿ 56ನೇ ವಯಸ್ಸಿನಲ್ಲಿ ಅಲ್ಲಿನ ನಮ್ಮ ಭಾರತಿ ನೆಲೆಯಲ್ಲಿ 403 ದಿನ ಇದ್ದರು. ಆಗುವುದಿಲ್ಲ ಎಂಬ ಮಾತು ಮುಗಿದ ಅಧ್ಯಾಯ. ಆದರೂ ದಿನನಿತ್ಯದ ಕಷ್ಟಗಳು ಬೇರೆ. 4000 ಮೀಟರಿನ ಮೇಲೆ ಮೊದಲ ರಾತ್ರಿಗಳು ತಲೆನೋವು, ವಾಕರಿಕೆ, ನಿದ್ದೆಯಿಲ್ಲದೆ ಕಳೆಯುತ್ತವೆ. ನಿಧಾನವಾಗಿ ಏರಬೇಕು, ತಲೆನೋವು ಮುಚ್ಚಿಡಬಾರದು, ಹೆಚ್ಚಾದರೆ ಕೂಡಲೇ ಕೆಳಗಿಳಿಯಬೇಕು. ಗಂಡಸಿಗೂ ಇದೇ ನಿಯಮ. ಶೌಚಕ್ಕೆ ಮರೆ ಇರುವುದಿಲ್ಲ, ತಿಂಗಳ ಮುಟ್ಟಿಗೆ ಬೇಕಾದ್ದನ್ನೆಲ್ಲ ಹೊತ್ತೊಯ್ದು ಮತ್ತೆ ಹೊತ್ತು ತರಬೇಕು. ನಾನು ಶುರು ಮಾಡಿದ ಕಾಲದಲ್ಲಿ ಒಂದು ತಂಡದ ಮುಖ್ಯಸ್ಥರು ಹೆಂಗಸರಿಗೆ ಬೇರೆ ಟೆಂಟ್ ಕೊಡಲಾಗದು, ಹಾಗಾಗಿ ನೀನು ಬರಬೇಡ ಎಂದಿದ್ದರು. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ, ಪೂರ್ತಿ ಅಲ್ಲ. ಸಂಸ್ಥೆಯನ್ನು ಆರಿಸುವಾಗ ಆ ತಂಡದಲ್ಲಿ ಹೆಣ್ಣುಮಕ್ಕಳು ಇದ್ದಾರೆಯೇ, ಹಿಮನದಿಗೆ ಹೋಗಿಬಂದಿದ್ದಾರೆಯೇ, ಪಿಎಚ್‌ಡಿ ಮುಗಿಸಿದ್ದಾರೆಯೇ ಎಂದು ವಿಚಾರಿಸಿ. ಪ್ರೊಫೆಸರನ್ನು ಕೇಳಿದರೆ ಸಾಲದು. ಅವರ ಹಳೆಯ ವಿದ್ಯಾರ್ಥಿನಿಯರ ಜೊತೆ ಮಗಳೇ ಫೋನಿನಲ್ಲಿ ಮಾತಾಡಲಿ.

ಬಿ.ಎಡ್ ಬಗ್ಗೆ ಕೊನೆಯದಾಗಿ. ಬಿ.ಎಡ್ ಕೆಟ್ಟ ದಾರಿಯಲ್ಲ, ಒಳ್ಳೆಯ ಭೌತಶಾಸ್ತ್ರದ ಮೇಡಂ ಒಬ್ಬರು ಇಲ್ಲದಿದ್ದರೆ ನಾನು ಈ ಉತ್ತರ ಬರೆಯುತ್ತಿರಲಿಲ್ಲ. ಆದರೆ ಈಗಲೇ ಬಿ.ಎಡ್‌ಗೆ ಸೇರಿಸಿದರೆ ಎರಡು ವರ್ಷ ಗಣಿತದ ಕೈ ತಪ್ಪುತ್ತದೆ, ಮತ್ತೆ ಸಂಶೋಧನೆಗೆ ಬರುವುದು ಬಹಳ ಕಷ್ಟ. ಎಂ.ಎಸ್ಸಿ. ಆದಮೇಲೆ ಬಿ.ಎಡ್ ಮಾಡಬಹುದು, ಪಿಯು ಕಾಲೇಜಿಗೂ ದಾರಿ ತೆರೆದಿರುತ್ತದೆ. ಹಾಗಾಗಿ ಮೊದಲು ಎಂ.ಎಸ್ಸಿ. ಎಂಬುದು ನನ್ನ ಸಲಹೆ. ಎಂ.ಎಸ್ಸಿ. ಪ್ರವೇಶದ ಜಾಮ್ ಪರೀಕ್ಷೆ ಫೆಬ್ರವರಿಯಲ್ಲಿ ಬರುತ್ತದೆ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಅದು ನಡೆಯುತ್ತದೆ. ಖಭೌತ ಸಂಸ್ಥೆಯಂಥ ಕಡೆಗೆ ಜೆಸ್ಟ್ ಎಂಬ ಪ್ರವೇಶ ಪರೀಕ್ಷೆ ಇದೆ. ಎಂ.ಎಸ್ಸಿ. ಮೊದಲ ವರ್ಷದಲ್ಲಿ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಲಿ, ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡಿದರೆ ಅವಳಿಗೇ ಅರ್ಧ ಉತ್ತರ ಸಿಗುತ್ತದೆ. ಎಂ.ಎಸ್ಸಿ. ಎರಡನೇ ವರ್ಷದ ಕೊನೆಗೆ ನೆಟ್ ಅಥವಾ ಗೇಟ್ ಆಗಿಲ್ಲ, ಒಳ್ಳೆಯ ಸಂಸ್ಥೆಯಲ್ಲಿ ಸೀಟು ಸಿಕ್ಕಿಲ್ಲ ಎಂದಾದರೆ ಆಗ ಬಿ.ಎಡ್ ಬಗ್ಗೆ ಮತ್ತೆ ಕೂತು ಮಾತಾಡಿ. ಆ ಗಡುವನ್ನು ಈಗಲೇ ಅವಳ ಜೊತೆ ಕೂತು ಒಪ್ಪಿಕೊಳ್ಳಿ, ಆಮೇಲೆ ಯಾರಿಗೂ ಬೇಸರವಾಗುವುದಿಲ್ಲ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಹಳೆಯ ಚಿತ್ರಗಳೆಲ್ಲ 2008ರಿಂದ ಪುಕ್ಕಟೆ ಸಿಗುತ್ತವೆ. ಆದಿತ್ಯದ ದತ್ತಾಂಶವನ್ನೂ ಇಸ್ರೋ ಎಲ್ಲರಿಗೂ ತೆರೆದಿಟ್ಟಿದೆ. ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದ್ದರೆ ಪೈಥಾನ್ ಪ್ರೋಗ್ರಾಮಿಂಗ್ ಕಲಿತು, ಛೋಟಾ ಶಿಗ್ರಿಯ ಇಪ್ಪತ್ತು ವರ್ಷ ಹಿಂದಿನ ಚಿತ್ರ ಮತ್ತು ಹೋದ ವರ್ಷದ ಚಿತ್ರ ತೆಗೆದು, ಅದರ ಮೂತಿ, ಅಂದರೆ ಕೆಳತುದಿ, ಎಷ್ಟು ಹಿಂದೆ ಸರಿದಿದೆ ಎಂದು ಅಳೆಯಲಿ. ಸೆಪ್ಟೆಂಬರಿನ ಚಿತ್ರಗಳನ್ನೇ ಆರಿಸಲಿ, ಬೇರೆ ತಿಂಗಳಲ್ಲಿ ಹೊಸ ಹಿಮ ಗಡಿಯನ್ನು ಮುಚ್ಚಿರುತ್ತದೆ. ಉತ್ತರ ಬಂದಮೇಲೆ ಅದರಲ್ಲಿ ತಪ್ಪು ಎಷ್ಟು ಮೀಟರ್ ಇರಬಹುದು ಎಂದೂ ಬರೆಯಲಿ. ಆ ಎರಡು ಪುಟವನ್ನು ನನಗೆ ಕಳಿಸಿದರೆ ಓದಿ ಉತ್ತರ ಬರೆಯುತ್ತೇನೆ.